ತೂತು ಕೊರೆಯದ ಮಾಳಿಗೆ

ಮನೆಯ ಮಾಳಿಗೆಯ ಮೇಲೆ ಸೋಲಾರ್ ಹಾಕಿಸಬೇಕೆಂದು ಯಾರಾದರೂ ಕೇಳಿದರೆ ನಾನು ಈಗ ಬಿಲ್ಲಿನ ಮಾತನ್ನು ಕೊನೆಗೆ ಆಡುತ್ತೇನೆ. ಮೊದಲು ಅವರನ್ನು ಮಾಳಿಗೆಯ ಅಂಚಿಗೆ ಕರೆದುಕೊಂಡು ಹೋಗಿ, ಕೆಳಗೆ ಏನಿದೆ ನೋಡಿ ಅನ್ನುತ್ತೇನೆ. ಎಲ್ಲರೂ ಮೇಲೆ ನೋಡುತ್ತಾರೆ. ಬಿಸಿಲು ಎಷ್ಟು ಹೊತ್ತು ಇರುತ್ತದೆ, ಪಕ್ಕದವರ ನೀರಿನ ಟಾಕಿಯ ನೆರಳು ಎಲ್ಲಿ ಬೀಳುತ್ತದೆ ಎಂದು. ಕೆಳಗೆ ನೋಡುವವರು ಕಡಿಮೆ. ನಾನೂ ನೋಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೋಡಿದ್ದೆ.

ನಾನು ಪುಣೆಗೆ ಬಂದದ್ದು ವಿಜಯಪುರದ ಕಡೆಯಿಂದ, ಚಾಕಣದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಪೆಟ್ಟಿಗೆ ಎತ್ತುವ ಕೆಲಸಕ್ಕೆ. ಅಲ್ಲಿ ಗುಜರಿಗೆ ಹೋಗುವ ಕಬ್ಬಿಣದ ಚೌಕಟ್ಟುಗಳನ್ನು ಕೊಂಡು ಮಾರಲು ಕಲಿತೆ. ಆಮೇಲೆ ಚೌಕಟ್ಟುಗಳನ್ನು ನಾನೇ ಮಾಡಿಸತೊಡಗಿದೆ, ಆಮೇಲೆ ಅವುಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸತೊಡಗಿದೆ. ಯಾರೂ ಕೈ ಹಿಡಿದು ಕಲಿಸಲಿಲ್ಲ. ಸದಾಶಿವ ಪೇಠದ ಅಂಗಡಿಗಳಲ್ಲಿ ಒಂದೇ ದರ ಎಂದು ಫಲಕ ತೂಗುಹಾಕಿ ಗಿರಾಕಿಯ ಮುಖವನ್ನೂ ನೋಡದೆ ಪೇಪರ್ ಓದುತ್ತ ಕೂತಿರುತ್ತಾರಲ್ಲ, ಅಂಥ ಕಡೆಯೂ ನಾನು ಚೌಕಾಸಿ ಮಾಡಿ ಛತ್ರಿ ತಂದವನು. ದರ ಇಳಿಸಲಿಲ್ಲ ಆ ಮನುಷ್ಯ, ಆದರೆ ಛತ್ರಿಯ ಜೊತೆಗೆ ಒಂದು ಚೀಲ ಕೊಟ್ಟ. ಎದುರಿಗಿರುವವರು ಯಾವುದಕ್ಕೆ ಹೆದರುತ್ತಾರೆ ಎಂಬುದನ್ನು ಮೊದಲು ಹುಡುಕಬೇಕು. ಉಳಿದದ್ದು ತಾನೇ ಆಗುತ್ತದೆ. ವ್ಯಾಪಾರಕ್ಕೆ ಇಳಿಯುವ ಹೊಸಬರಿಗೆ ನಾನು ಹೇಳುವುದು ಇಷ್ಟೇ.

ಪುಣೆಯ ಸ್ವಂತ ಮನೆಯವರು ಖರ್ಚಿಗೆ ಹೆದರುತ್ತಾರೆ ಎಂದು ನಾನು ಮೊದಮೊದಲು ತಿಳಿದಿದ್ದೆ. ಹಾಗಲ್ಲ. ಸಬ್ಸಿಡಿ ಇದೆ, ಬ್ಯಾಂಕಿನ ಸಾಲ ಇದೆ, ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅವರು ಹೆದರುವುದು ಸೋರುವುದಕ್ಕೆ. ಮಾಳಿಗೆಯ ಮೇಲೆ ಬಿಳಿ ಹೆಂಚಿನ ಚೂರುಗಳನ್ನು ಕೂರಿಸಿ, ಮಳೆಯ ನೀರು ಇಳಿಯದಂತೆ ಒಂದು ಸಲ ಗಟ್ಟಿ ಮಾಡಿಸಿರುತ್ತಾರೆ. ಅದಕ್ಕೆ ಡ್ರಿಲ್ ಹಾಕಿ ಬೋಲ್ಟ್ ಕೂರಿಸುತ್ತೇನೆ ಎಂದರೆ ಕೈಯಲ್ಲಿದ್ದ ಚಹಾದ ಕಪ್ಪು ಅರ್ಧಕ್ಕೇ ನಿಲ್ಲುತ್ತದೆ. ಹಾಗೆ ಮೂರು ನಾಲ್ಕು ಮನೆಗಳನ್ನು ಕಳೆದುಕೊಂಡ ಮೇಲೆ ನಾನು ಒಂದು ಮಾತು ಕಟ್ಟಿಕೊಂಡೆ.

“ನಿಮ್ಮ ಮಾಳಗಿಗೆ ಸೂಜಿಯಷ್ಟೂ ತೂತು ಹಾಕಂಗಿಲ್ಲ್ರಿ. ಎಲ್ಲಾ ಬರೇ ಇಟ್ಟದ್ದು. ನಾಳೆ ಬ್ಯಾಡ ಅನಿಸಿದ್ರ ನೀವ ಎತ್ತಿ ಇಡಬಹುದು.”

ಬೋಲ್ಟ್ ಇಲ್ಲದೆ ಪ್ಯಾನೆಲ್ ನಿಲ್ಲಿಸುವ ರೀತಿ ಇದೆ, ಇಲ್ಲವೆಂದಲ್ಲ. ಚೌಕಟ್ಟಿನ ಪ್ರತಿ ಕಾಲನ್ನೂ ದೊಡ್ಡ ಕಾಂಕ್ರೀಟ್ ದಿಂಡಿನೊಳಗೆ ಹುಗಿದು ಎರಕ ಹೊಯ್ಯಬೇಕು. ಆ ದಿಂಡುಗಳನ್ನು ಮಾಳಿಗೆಯ ಮೇಲೆಯೇ ಮಾಡಬೇಕು, ದಿನಗಟ್ಟಲೆ ನೀರು ಹಾಕಿ ಗಟ್ಟಿಯಾಗಿಸಬೇಕು. ಮರಳು ಸಿಮೆಂಟು ಹೊತ್ತು ಮೇಲೆ ಹೋಗಲು ಈ ಮನೆಗಳಲ್ಲಿ ಇರುವುದು ಸುರುಳಿಯಾಕಾರದ ಕಬ್ಬಿಣದ ಮೆಟ್ಟಿಲು. ನಾನು ಸುಲಭದ ದಾರಿ ಹುಡುಕಿದೆ. ಸಣ್ಣ ಸಣ್ಣ ಕಾಂಕ್ರೀಟ್ ಕಲ್ಲುಗಳನ್ನು ಮಾಡಿಸಿ, ಒಂದೊಂದಕ್ಕೂ ಕಬ್ಬಿಣದ ಹಿಡಿಕೆ ಇಡಿಸಿದೆ. ಚೌಕಟ್ಟಿನ ಕಾಲಿನ ಕೆಳಗಿನ ತಟ್ಟೆಯಲ್ಲಿ ಅವನ್ನು ಒಟ್ಟಿದರೆ ಆಯಿತು. ಒಂದೇ ದಿನದಲ್ಲಿ ಕೆಲಸ ಮುಗಿಯುತ್ತಿತ್ತು.

ನನ್ನ ಜೊತೆಗಿದ್ದ ಮಿಸ್ತ್ರಿ ವಯಸ್ಸಾದವನು, ಮಾತು ಕಡಿಮೆ. ಆ ಕಲ್ಲೊಂದನ್ನು ಎತ್ತಿ ತೂಗಾಡಿಸಿ ನೋಡಿದ.

“ಇದನ್ನ ನಾ ಒಂದ ಕೈಲೆ ಎತ್ತೀನಿ. ಗಾಳಿಗೆ ಎಷ್ಟ ಕೈ ಅದಾವೋ ಏನೋ,” ಎಂದ.

“ಗಾಳಿ ಏನು ನಿನ್ನಂಗ ದಿನಗೂಲಿಗೆ ಬರತದ ಏನು? ಇಡು ಕೆಳಗ,” ಎಂದು ನಾನು ನಗೆಯಾಡಿದೆ. ಅವನು ನಗಲಿಲ್ಲ.

ಮಗರಪಟ್ಟಾದ ಎತ್ತರದ ಕಟ್ಟಡಗಳ ಹಿಂಬದಿಗೆ ಒಂದು ಹಳೆಯ ಕಾಲೊನಿ ಇದೆ. ಒಂದೇ ಓಣಿಯಲ್ಲಿ, ಒಂದೇ ಬದಿಗೆ, ಸಾಲಾಗಿ ಏಳು ಮನೆ. ಬ್ಯಾಂಕು, ಸರ್ಕಾರಿ ಕಚೇರಿಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಕಡೆಯ ಜನ. ಹೊರಗೆ ಮರಾಠಿ, ಒಳಗೆ ಜೋಳದ ರೊಟ್ಟಿ. ಮೊದಲ ಮನೆಯ ಯಜಮಾನತಿಯನ್ನು ಓಣಿಯೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತದೆ. ಆಕೆಯ ಗಂಡ ನನ್ನ ಕಾಗದಪತ್ರಗಳನ್ನೆಲ್ಲ ಕನ್ನಡಕ ಒರೆಸಿ ಒರೆಸಿ ಓದುತ್ತಿದ್ದರೆ ಕಾಕು ನೇರವಾಗಿ ವಿಷಯಕ್ಕೆ ಬಂದರು.

“ಮಾಳಗಿ ತುಂಬ ನಿಮ್ಮ ಕಾಜಿನ ತಗಡ ಇಟ್ಟರ ನಾ ಸಂಡಗಿ ಎಲ್ಲೆ ಒಣಗಸ್ಲಿ?”

“ಎತ್ತರಕ್ಕ ಕೂರಸ್ತೀನ್ರಿ ಕಾಕು. ಕೆಳಗ ನೆರಳು, ಮುಂದ ಬಿಸಲು. ಶಾವಿಗಿ ನೆರಳಿಗೆ, ಹಪ್ಪಳ ಬಿಸಲಿಗೆ.”

“ಮತ್ತ ತೂತು?”

ನಾನು ನನ್ನ ಮಾತು ಹೇಳಿದೆ. ಸೂಜಿಯಷ್ಟೂ ಇಲ್ಲ, ಬೇಕೆಂದರೆ ನೀವೇ ಎತ್ತಿಡಬಹುದು. ಕಾಕು ಗಂಡನ ಕೈಯಿಂದ ಕಾಗದ ತೆಗೆದುಕೊಂಡು, “ಸಹಿ ಮಾಡ್ರಿ, ಎಷ್ಟ ಓದತೀರಿ,” ಎಂದರು.

ಚಳಿಗಾಲದಲ್ಲಿ ಆರು ಪ್ಯಾನೆಲ್ ಕೂರಿಸಿದೆವು. ದಕ್ಷಿಣಕ್ಕೆ ಮುಖ, ಅಂದರೆ ಓಣಿಯ ಕಡೆಗೆ ಇಳಿಜಾರು. ಬೆನ್ನು ಉತ್ತರಕ್ಕೆ, ಎತ್ತರವಾಗಿ, ತೆರೆದುಕೊಂಡು. ಓಣಿಯ ಕಡೆಯ ಅಂಚಿನ ನೇರ ಕೆಳಗೆ, ಕಾಂಪೌಂಡಿನ ಗೋಡೆಗೆ ನೀಲಿ ತಾಡಪತ್ರಿ ಕಟ್ಟಿಕೊಂಡು ಒಬ್ಬ ಹೆಣ್ಣುಮಗಳು ಇಸ್ತ್ರಿಯ ಮೇಜು ಇಟ್ಟಿದ್ದಳು. ಕಲಬುರಗಿಯ ಕಡೆಯವಳು. ಇದ್ದಲಿನ ಇಸ್ತ್ರಿಪೆಟ್ಟಿಗೆ, ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಕೆಲಸ. ನನ್ನ ಅಂಗಿಗಳನ್ನೂ ಅವಳಿಗೇ ಕೊಡುತ್ತಿದ್ದೆ. ಚೌಕಾಸಿಯಲ್ಲಿ ನನ್ನನ್ನು ಗೆದ್ದವಳು ಈ ಊರಲ್ಲಿ ಅವಳೊಬ್ಬಳೇ. ನಾನು ದರ ಇಳಿಸು ಎಂದರೆ, “ಕಾಲರ್ ಬಿಟ್ಟು ಮಾಡತೀನಿ ಅಣ್ಣಾ, ಅಷ್ಟು ಕಮ್ಮಿ ಆಗತದ,” ಅನ್ನುತ್ತಿದ್ದಳು.

ಕಾಕುವಿನ ಬಿಲ್ಲು ಇಳಿಯಿತು. ಕಾಕು ಅದನ್ನು ಆರು ಮನೆಗೂ ಒಯ್ದು ತೋರಿಸಿದರು. ನಾನು ಮಾಡಬೇಕಾದ ಪ್ರಚಾರವನ್ನೆಲ್ಲ ಅವರೇ ಮಾಡಿದರು. ಕೊನೆಯ ಮನೆಯಲ್ಲಿ ನಿವೃತ್ತ ಕಾಲೇಜು ಮೇಷ್ಟ್ರು ಇದ್ದರು, ಓಣಿಗೆಲ್ಲ ಅವರು ಸರ್. ಆರೂ ಮನೆಯ ಪರವಾಗಿ ಸರ್ ನನ್ನ ಜೊತೆ ಮಾತಿಗೆ ಕೂತರು. ಮೇ ತಿಂಗಳು ಬಂದಾಗ ಮಾತುಕತೆ ಮುಗಿಯುವ ಹಂತದಲ್ಲಿತ್ತು. ಆರು ಮನೆ ಒಟ್ಟಿಗೆ. ನನ್ನಂಥವನಿಗೆ ಅದು ದೊಡ್ಡ ಕೆಲಸ. ಬರುವ ಭಾನುವಾರ ಸಹಿ ಎಂದು ನಿಶ್ಚಯವಾಯಿತು.

ಆ ವಾರ ಬುಧವಾರ ನಾನು ಮಿಸ್ತ್ರಿಯನ್ನು ಕರೆದುಕೊಂಡು ಕಾಕುವಿನ ಮಾಳಿಗೆಗೆ ಹೋದೆ, ಸರ್ ಬಂದು ನೋಡುವ ಮೊದಲು ಗಾಜು ಒರೆಸಿಡೋಣವೆಂದು. ಮಾಳಿಗೆಯ ತುಂಬ ಹಳೆಯ ಸೀರೆಗಳನ್ನು ಹಾಸಿ ಹಪ್ಪಳ, ಸಂಡಿಗೆ ಹರವಿದ್ದರು. ಪ್ಯಾನೆಲ್ಲಿನ ನೆರಳಲ್ಲಿ ಶಾವಿಗೆ ಕೋಲುಗಳ ಮೇಲೆ ಜೋತಾಡುತ್ತಿತ್ತು. ನಾನು ಹೇಳಿದ ಹಾಗೆಯೇ. ಸೀರೆಗಳು ಹಾರದಂತೆ ಮೂಲೆ ಮೂಲೆಗೆ ಒಂದೊಂದು ಕಲ್ಲು. ಕಬ್ಬಿಣದ ಹಿಡಿಕೆಯ ಕಲ್ಲು.

ಎಣಿಸಿದೆ. ಐದು ಸೀರೆ, ಇಪ್ಪತ್ತು ಮೂಲೆ.

ಹಿಂಗಾಲುಗಳ ತಟ್ಟೆಗಳು ಹೆಚ್ಚುಕಡಿಮೆ ಬರಿದಾಗಿದ್ದವು. ಮಿಸ್ತ್ರಿ ಮೊಣಕಾಲೂರಿ ಕೂತು, ಒಂದು ಕಾಲಿನ ಬುಡವನ್ನು ಬೆರಳಿನಿಂದ ತೋರಿಸಿದ. ಚಳಿಗಾಲದಿಂದ ತಟ್ಟೆ ಕೂತಿದ್ದ ಜಾಗದಲ್ಲಿ ತುಕ್ಕಿನ ಚೌಕಾಕಾರದ ಗುರುತು. ತಟ್ಟೆ ಈಗ ಆ ಗುರುತಿನ ಮೇಲೆ ಇರಲಿಲ್ಲ. ನಾಲ್ಕು ಬೆರಳು ಓಣಿಯ ಕಡೆಗೆ ಸರಿದಿತ್ತು. ನಡುವೆ ಬಿಳಿ ಹೆಂಚಿನ ಮೇಲೆ ಎಳೆದ ಗೀರು ಇರಲಿಲ್ಲ. ಎಳೆದುಕೊಂಡು ಹೋಗಿರಲಿಲ್ಲ, ಎತ್ತಿ ಇಟ್ಟಿತ್ತು.

“ಹ್ವಾದ ವಾರ ಒಂದ ಸಣ್ಣ ಗಾಳಿ ಬಂದಿತ್ತಲ್ರಿ,” ಎಂದ ಮಿಸ್ತ್ರಿ.

ನಾನು ಅಂಚಿಗೆ ಹೋಗಿ ಬಗ್ಗಿ ನೋಡಿದೆ. ನೀಲಿ ತಾಡಪತ್ರಿ, ಅದರ ತುದಿಯಿಂದ ಅವಳ ಕೈ ಮಾತ್ರ ಕಾಣುತ್ತಿತ್ತು, ಮುಂದೆ ಹಿಂದೆ, ಮುಂದೆ ಹಿಂದೆ.

ಕಲ್ಲುಗಳನ್ನು ಎತ್ತಿ ತಟ್ಟೆಗೆ ಹಾಕತೊಡಗಿದಾಗ ಕಾಕು ಮೇಲೆ ಬಂದರು.

“ಅಯ್ಯ, ಯಾಕ ತಗೀತೀರಿ? ಹಪ್ಪಳ ಹಾರತಾವ.”

“ಇವು ಇಲ್ಲೇ ಇರಬೇಕ್ರಿ ಕಾಕು.”

“ನೀವ ಅಂದಿದ್ರಿ, ಬೇಕಂದ್ರ ಎತ್ತಿ ಇಡಬಹುದು ಅಂತ. ಹಿಡಕಿ ಯಾಕ ಇಡಿಸೀರಿ ಮತ್ತ? ಭಾಳ ಅನುಕೂಲ ಆಗೇದ ನೋಡ್ರಿ.”

ಅವರ ಹಿಂದೆಯೇ ಸರ್ ಮೆಟ್ಟಿಲು ಹತ್ತಿ ಬರುತ್ತಿದ್ದರು. ಮಾಳಿಗೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿ, “ಒಂದೂ ತೂತು ಇಲ್ಲ ನೋಡ್ರಿ, ಭೇಷ್,” ಎಂದರು. ಗಾಳಿಯ ಮಾತು ನನ್ನ ಬಾಯಿಯವರೆಗೆ ಬಂದಿತ್ತು. ಆರು ಮನೆಗಳು ಎದುರಿಗೆ ನಿಂತಿದ್ದವು. ನಾಲ್ಕೇ ದಿನ, ಭಾನುವಾರ ಸಹಿ ಆಗಲಿ, ಸೋಮವಾರ ಬಂದು ಹೇಗಾದರೂ ಕಾಕುವನ್ನು ಒಪ್ಪಿಸಿ ಬೋಲ್ಟ್ ಹಾಕಿಬಿಡೋಣ ಎಂದು ಮನಸ್ಸಿನಲ್ಲೇ ವ್ಯವಹಾರ ಕುದುರಿಸಿಕೊಂಡೆ. ಗಾಳಿಯ ಜೊತೆ. ಹೋಗುವಾಗ ಆರೇಳು ಕಲ್ಲುಗಳನ್ನು ಹಿಂಗಾಲುಗಳ ತಟ್ಟೆಗೆ ಇಟ್ಟು ಬಂದೆ. ಕೆಳಗಿಳಿದು ಅವಳಿಗೆ ಎರಡು ಅಂಗಿ ಕೊಟ್ಟೆ.

“ಕಾಲರ್ ಹಾಕ್ಲೋ, ಬಿಡ್ಲೋ?” ಎಂದಳು.

“ಹಾಕು,” ಎಂದೆ. ದರದ ಮಾತು ಆಡಲಿಲ್ಲ. ಅವಳು ತಲೆಯೆತ್ತಿ ಒಂದು ಥರ ನೋಡಿದಳು.

ಆ ನಾಲ್ಕು ದಿನ ನಾನು ಆಕಾಶ ನೋಡಿದಷ್ಟು ನನ್ನ ಜನ್ಮದಲ್ಲಿ ನೋಡಿಲ್ಲ. ಪುಣೆಯಲ್ಲಿ ಮಳೆಗಾಲಕ್ಕೆ ಮುಂಚೆ ವಳೀವ ಎಂಬ ಗಾಳಿಮಳೆ ಬರುತ್ತದೆ. ಬರುವ ಮುನ್ನ ಸೂಚನೆ ಕೊಡುವುದಿಲ್ಲ ಅನ್ನುತ್ತಾರೆ, ಅದು ಸುಳ್ಳು. ಮಧ್ಯಾಹ್ನ ಎಲೆ ಅಲ್ಲಾಡದಂತೆ ನಿಂತುಬಿಡುತ್ತದೆ, ಈಶಾನ್ಯಕ್ಕೆ ತಾಮ್ರದ ಬಣ್ಣ ಬರುತ್ತದೆ, ಹದ್ದುಗಳು ಎತ್ತರಕ್ಕೆ ಹೋಗಿ ಸುತ್ತುತ್ತವೆ. ಗುರುವಾರ ಹಾಗಾಯಿತು, ಏನೂ ಬರಲಿಲ್ಲ. ಶುಕ್ರವಾರ ಹಾಗಾಯಿತು, ದೂರದಲ್ಲೆಲ್ಲೋ ಗುಡುಗಿ ಸುಮ್ಮನಾಯಿತು. ಶನಿವಾರ ಮಿಸ್ತ್ರಿ ಫೋನ್ ಮಾಡಿ, “ಡ್ರಿಲ್ ತಗೊಂಡ ಬರ್ಲೇನ್ರಿ?” ಎಂದು ಕೇಳಿದ. ಸೋಮವಾರ ಎಂದೆ.

ಭಾನುವಾರ ಊಟದ ನಂತರ ಕಾಕುವಿನ ಮನೆಯ ಮುಂದಿನ ಪಡಸಾಲೆಯಲ್ಲಿ ಎಲ್ಲ ಸೇರಿದರು. ಪಡಸಾಲೆಗೂ ಓಣಿಗೂ ನಡುವೆ ಎದೆಯೆತ್ತರದ ಕಾಂಪೌಂಡು ಮಾತ್ರ. ಅದರಾಚೆ ಇಸ್ತ್ರಿಯ ಮೇಜು. ಸರ್ ಚೀಲದಿಂದ ಕರಾರಿನ ಛಾಪಾಕಾಗದ ತೆಗೆದರು.

“ನಾವು ಒಂದ ಸಾಲು ಕೂಡಿಸೇವಿ. ಓದತೀನಿ ಕೇಳ್ರಿ. ಮಾಳಿಗೆಗೆ ಯಾವ ಕಾರಣಕ್ಕೂ, ಯಾವ ಕಾಲಕ್ಕೂ ರಂಧ್ರ ಕೊರೆಯತಕ್ಕದ್ದಲ್ಲ. ನಿಮ್ಮ ಮಾತ ಇದು, ಬರೇ ಬರವಣಿಗಿಗೆ ಇಳಿಸೇವಿ.”

“ಮೇಷ್ಟ್ರು ರಿಟೈರ್ ಆದರೂ ತಿದ್ದೂದ ಬಿಟ್ಟಿಲ್ಲ,” ಎಂದು ಕಾಕುವಿನ ಗಂಡ ನಗೆಯಾಡಿದರು. ಕಾಕು ಒಳಗಿನಿಂದ ಚುರುಮುರಿಯ ತಟ್ಟೆ ತಂದಿಟ್ಟರು. ನನ್ನ ಕೈಗೆ ಪೆನ್ನು ಬಂತು.

ಆಗ ನನಗೆ ಗಮನಕ್ಕೆ ಬಂದದ್ದು, ಫ್ಯಾನು ತಿರುಗುತ್ತಿದ್ದರೂ ಎಲ್ಲರ ಮುಖದಲ್ಲಿ ಬೆವರು. ಹೊರಗಿನ ಬೆಳಕು ಹಳದಿಯಾಗಿತ್ತು. ಮೇಲಿನಿಂದ ಒಂದು ಶಬ್ದ ಬಂತು, ಯಾರೋ ಒಂದು ಪಾತ್ರೆಯನ್ನು ಮೆಲ್ಲಗೆ ನೆಲಕ್ಕೆ ಇಟ್ಟ ಹಾಗೆ. ಸ್ವಲ್ಪ ಬಿಟ್ಟು ಇನ್ನೊಮ್ಮೆ.

“ಬೆಕ್ಕು,” ಎಂದರು ಕಾಕು. “ಸಂಡಗಿಗೆ ಬರತದ.”

ನಾನು ಪೆನ್ನನ್ನು ಕಾಗದದ ಮೇಲೆ ಬಿಟ್ಟು ಕಾಂಪೌಂಡಿನ ಹತ್ತಿರ ಹೋದೆ. ಆರು ಮನೆಯವರು ಬೆನ್ನ ಹಿಂದೆ. ಧ್ವನಿ ತಗ್ಗಿಸಿ ಹೇಳಿದೆ.

“ತಂಗೀ, ಇವತ್ತಿಗೆ ಸಾಕು. ಮನಿಗೆ ಹೋಗು.”

“ಯಾಕ್ರಿ ಅಣ್ಣಾ? ನಾಳಿ ಸೋಮವಾರ, ಎಲ್ಲಾರ ಆಫೀಸಿನ ಅರವಿ ಅದಾವ.”

“ಮಳಿ ಬರತದ.”

“ಅದಕ್ಕ ತಾಡಪತ್ರಿ ಕಟ್ಟೀನಿ.”

“ಇವತ್ತಿನ ಇಸ್ತ್ರಿ ರೊಕ್ಕ ಎಷ್ಟಾಗತದ ಅಷ್ಟೂ ನಾ ಕೊಡತೀನಿ. ಹೋಗು.”

ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಸೊಂಟದ ಮೇಲೆ ಕೈಯಿಟ್ಟಳು. “ಒಂದ ಅಂಗಿಗೆ ತಾಸುಗಟ್ಟಲೆ ಜಗಳ ಆಡೋ ಮನಶಾ. ಏನ್ ಬೇಕಾಗೇದ ಈ ಜಾಗಾ ನಿಮಗ? ಯಾರ ಕಳಿಸ್ಯಾರ ನಿಮ್ಮನ್ನ, ಸರ್ ಏನು?”

ಅವಳು ಹೇಳಿದ್ದು ಪಡಸಾಲೆಗೆ ಕೇಳಿಸಿತು. ಮೇಲಿನಿಂದ ಶಬ್ದ ಮೂರನೆಯ ಸಲ ಬಂತು. ಈ ಸಲ ಇಟ್ಟದ್ದಲ್ಲ, ಎಳೆದದ್ದು. ಓಣಿಯ ತುದಿಯಿಂದ ಧೂಳು ಎದ್ದು ಬರುತ್ತಿತ್ತು. ಇಡೀ ಜೀವಮಾನ ನಾನು ಜನರನ್ನು ಒಪ್ಪಿಸಿಯೇ ಬದುಕಿದವನು, ಆ ಹೊತ್ತಿಗೆ ನನ್ನ ಹತ್ತಿರ ಒಂದೂ ಯುಕ್ತಿ ಉಳಿದಿರಲಿಲ್ಲ.

“ಮ್ಯಾಲಿಂದು ಬೀಳತದ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ಸೋಲಾರ್. ಗಟ್ಟಿ ಕೂರಿಸಿಲ್ಲ ನಾ. ಬುಧವಾರದಿಂದ ಗೊತ್ತದ ನನಗ. ನಿನ್ನ ಮ್ಯಾಲೆ ಬೀಳತದ.”

ಅವಳು ಮೇಲೆ ನೋಡಲಿಲ್ಲ. ನನ್ನ ಮುಖ ನೋಡಿದಳು. ಎರಡು ಅಂಗಿ ಕೊಟ್ಟು ದರ ಕೇಳದೆ ಹೋದದ್ದು ಅವಳಿಗೆ ನೆನಪಾಗಿರಬೇಕು. ಕೆಂಡ ತುಂಬಿದ ಪೆಟ್ಟಿಗೆಯನ್ನು ಮೊದಲು ಎತ್ತಿಕೊಂಡಳು, ಆಮೇಲೆ ಒಂದು ಗಂಟು. ಇನ್ನೊಂದು ಗಂಟಿಗೆ ಕೈ ಹಾಕುವಾಗ ನಾನು ಗೇಟು ದಾಟಿ ಹೋಗಿ ಅವಳ ತೋಳು ಹಿಡಿದು ಎಳೆದೆ. ಹಿಂದಿನಿಂದ ಕಾಕು, “ನನ್ನ ಹಪ್ಪಳ,” ಎಂದು ಮೆಟ್ಟಿಲ ಕಡೆ ಹೊರಟದ್ದೂ, ಅವರ ಗಂಡ ಸೀರೆಯ ಸೆರಗು ಹಿಡಿದು ನಿಲ್ಲಿಸಿದ್ದೂ ಕೇಳಿಸಿತು.

ಗಾಳಿ ಬಂತು. ಮನೆಯ ಹಿಂಬದಿಯಿಂದ ಬಂದು ಪ್ಯಾನೆಲ್ಲುಗಳ ಬೆನ್ನಿನ ಕೆಳಗೆ ಹೊಕ್ಕಿತು. ನಾವು ಮೂರನೆಯ ಮನೆಯ ಗೇಟಿನ ಹತ್ತಿರ ಇದ್ದೆವು. ಚೌಕಟ್ಟು ನಿಧಾನವಾಗಿ ಎದ್ದು ನಿಂತದ್ದನ್ನು ನೋಡಿದೆ. ಬಾಗಿಲು ತೆರೆದ ಹಾಗೆ. ಅಂಚಿನ ಮೇಲೆ ಒಂದು ಕ್ಷಣ ನಿಂತು, ಕಪ್ಪು ಗಾಜುಗಳೆಲ್ಲ ಓಣಿಯ ಕಡೆ ಮುಖ ಮಾಡಿ, ಆಮೇಲೆ ಕೆಳಗೆ ಬಂತು. ತಾಡಪತ್ರಿ, ಮೇಜು, ಉಳಿದ ಗಂಟು ಎಲ್ಲ ಅದರಡಿ ಹೋದವು. ಅದರ ಹಿಂದೆ ಕಾಕುವಿನ ಒಂದು ಹಳೆಯ ಹಸಿರು ಸೀರೆ ಹಾರಿ ಬಂದು ವಿದ್ಯುತ್ ತಂತಿಗೆ ಸಿಕ್ಕಿಕೊಂಡಿತು. ಹಪ್ಪಳಗಳು ಓಣಿಯ ತುಂಬ.

ಹತ್ತಿರ ಹೋಗಲು ಯಾರನ್ನೂ ಬಿಡಲಿಲ್ಲ ನಾನು. ಇದನ್ನು ತಿಳಿದಿರಿ, ಬಿದ್ದು ಒಡೆದ ಪ್ಯಾನೆಲ್ ಕೂಡ ಬೆಳಕಿದ್ದಷ್ಟು ಹೊತ್ತು ಕರೆಂಟ್ ಮಾಡುತ್ತಲೇ ಇರುತ್ತದೆ. ಮಳೆ ಶುರುವಾಯಿತು. ಅವಳು ಪೆಟ್ಟಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡು ನಿಂತಿದ್ದಳು, ಹನಿ ಬಿದ್ದಾಗಲೆಲ್ಲ ಅದು ಚುರ್ ಎನ್ನುತ್ತಿತ್ತು.

“ಬುಧವಾರದಿಂದ,” ಎಂದಳು.

ಅವಳ ಮೇಜು, ಕೆಸರಾದ ಬಟ್ಟೆ, ಹರಿದ ಬಟ್ಟೆ, ಎಲ್ಲಕ್ಕೂ ಅವಳು ಹೇಳಿದ್ದನ್ನು ಕೊಟ್ಟೆ. ಕಾಕುವಿನ ಮಾಳಿಗೆಗೆ ಹೊಸ ಪ್ಯಾನೆಲ್ ತಂದೆ. ಎರಡು ವಾರ ಅವರ ಮನೆಯ ಮೆಟ್ಟಿಲು ಹತ್ತಿ ಇಳಿದು ತೂತು ಕೊರೆಯಲು ಒಪ್ಪಿಸಿದೆ. ಸೋಲಾರ್ ಒಪ್ಪಿಸುವುದಕ್ಕಿಂತ ಅದು ಕಷ್ಟವಾಯಿತು. ಮಿಸ್ತ್ರಿ ಪ್ರತಿ ಕಾಲಿಗೂ ಸ್ಲ್ಯಾಬಿನೊಳಗೆ ಬೋಲ್ಟ್ ಇಳಿಸಿ, ಸುತ್ತ ರಾಸಾಯನಿಕ ತುಂಬಿ, ನೀರು ನಿಲ್ಲಿಸಿ ನೋಡಿ ಕೆಳಗಿಳಿದ. ಎರಡು ಮಳೆಗಾಲ ಹೋಗಿವೆ, ಒಂದು ಹನಿ ಇಳಿದಿಲ್ಲ. ಮೊದಲು ಅದೇ ಕಲ್ಲಿಟ್ಟು ಬಂದಿದ್ದ ಬೇರೆ ಮನೆಗಳಿಗೂ ಒಂದೊಂದಾಗಿ ಹೋಗಿ ಬೋಲ್ಟ್ ಹಾಕಿಸಿದೆ.

ಆದರೆ ಆ ಆರು ಮನೆಯವರು ನನ್ನ ಕೈ ಬಿಟ್ಟರು. ಬಿಡಬೇಕಾದದ್ದೇ. ನನಗೆ ನಿದ್ದೆ ಕೆಡಿಸುವುದು ಅದಲ್ಲ. ಮರುವರ್ಷ ಅವರು ಬೇರೆಯವನಿಂದ ಹಾಕಿಸಿದರು, ಸರ್ ಬರೆದಿದ್ದ ಸಾಲಿಗೆ ಅವನು ಸಹಿ ಮಾಡಿದ. ಆರು ಮಾಳಿಗೆಯ ಮೇಲೂ ಇಟ್ಟ ಚೌಕಟ್ಟುಗಳು, ಇಟ್ಟ ಕಲ್ಲುಗಳು. ನನ್ನವಕ್ಕಿಂತ ತುಸು ದೊಡ್ಡವು, ಹಿಡಿಕೆ ಇಲ್ಲ, ಅಷ್ಟೇ. ಸರ್ ಹತ್ತಿರ ಹೋಗಿ ಹೇಳಿದೆ.

“ನಿಮ್ಮದು ಬಿದ್ದಿತ್ತು ಅಂತ ಎಲ್ಲಾರದೂ ಬೀಳಬೇಕೇನ್ರಿ?” ಎಂದರು ಅವರು. “ಗಿರಾಕಿ ಹೋದ ಸಿಟ್ಟು ನಿಮಗ. ಚಹಾ ಕುಡದು ಹೋಗ್ರಿ.”

ಅವಳು ಹೊಸ ಮೇಜನ್ನು ಐದನೆಯ ಮನೆಯ ಗೋಡೆಗೆ ಇಟ್ಟುಕೊಂಡಿದ್ದಾಳೆ. ಓಣಿಯಲ್ಲಿ ಈಗ ಗಟ್ಟಿಯಾಗಿ ಕೂತ ಚೌಕಟ್ಟು ಒಂದೇ, ಕಾಕುವಿನದು. ಅದರ ಕೆಳಗೆ ಬಾ ಎಂದರೆ ಅವಳು ಬರುವುದಿಲ್ಲ.

“ಅಲ್ಲೇ ಬಿದ್ದದ್ದು ಅಣ್ಣಾ.”

“ಅದಕ್ಕ ಅಲ್ಲೇ ಗಟ್ಟಿ ಮಾಡೀನಿ. ಇಲ್ಲಿದು ಬರೇ ಇಟ್ಟದ್ದು.”

“ಇಟ್ಟದ್ದು ಅಂತ ನೀವ ಆವಾಗ ಹೇಳಲಿಲ್ಲ. ಗಟ್ಟಿ ಅಂತ ಈಗ ಹೇಳತೀರಿ. ಯಾವುದು ನಂಬಲಿ?”

ಮಾಡಬಹುದಾದದ್ದನ್ನು ಮಾಡುತ್ತೇನೆ. ಏಪ್ರಿಲ್ ಮುಗಿಯುತ್ತಿದ್ದಂತೆ ಮಧ್ಯಾಹ್ನದ ಕೆಲಸಗಳನ್ನು ಬಿಟ್ಟು ಆ ಓಣಿಗೆ ಹೋಗುತ್ತೇನೆ. ಕಾಕುವಿನ ಗೋಡೆಯ ಕೆಳಗೆ, ಹಳೆಯ ಮೇಜು ಇದ್ದ ಜಾಗದಲ್ಲಿ, ಸ್ಕೂಟರ್ ನಿಲ್ಲಿಸಿ ಅದರ ಮೇಲೆ ಕೂತಿರುತ್ತೇನೆ, ಅವಳಿಗೆ ಕಾಣುವ ಹಾಗೆ. ಹೋದ ವಾರ ಒಂದು ಸಣ್ಣ ಗಾಳಿ ಬಂತು. ನಾನು ಏಳಲಿಲ್ಲ. ನನ್ನ ತಲೆಯ ಮೇಲೆ ಏನೂ ಅಲ್ಲಾಡಲಿಲ್ಲ. ಆಚೆಯ ಮಾಳಿಗೆಗಳಿಂದ ಪಾತ್ರೆ ಇಟ್ಟಂಥ ಶಬ್ದ ಎರಡು ಸಲ ಬಂತು, ಯಾವ ಮನೆಯದೆಂದು ತಿಳಿಯಲಿಲ್ಲ.

ಮರುದಿನ ಹೋದಾಗ ಅವಳ ಮೇಜು ನಾಲ್ಕನೆಯ ಮನೆಗೆ ಬಂದಿತ್ತು. ನಿನ್ನೆ ಮೂರನೆಯದಕ್ಕೆ. ಕಾಕುವಿನ ಗೋಡೆಗೆ ಇನ್ನು ಎರಡು ಮನೆ. ಇವತ್ತು ಬೆಳಿಗ್ಗೆಯಿಂದ ಎಲೆ ಅಲ್ಲಾಡಿಲ್ಲ. ಹದ್ದುಗಳು ಮೇಲಿವೆ. ಊಟ ಆಮೇಲೆ ಮಾಡಿದರಾಯಿತೆಂದು ಈಗಲೇ ಹೊರಟಿದ್ದೇನೆ.